ಹೊಗೆಯಕ್ಕನ ಚುಕ್ಕೆ ಗೆರೆ

ಸೂರ್ಯ ಇನ್ನೂ ಹುಟ್ಟಿಲ್ಲ. ಹವಾಮಾನ ಕಚೇರಿಯ ನಾಲ್ಕನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಸಣ್ಣ ಕೋಣೆಯೊಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕಿಟಕಿಗೆ ಕಪ್ಪು ಬಟ್ಟೆ ಎಳೆದಿದೆ. ಮೇಜಿನ ಮೇಲೆ ಎರಡು ಕಂಪ್ಯೂಟರ್, ಅಂಟುಪಟ್ಟಿ ಸುತ್ತಿದ ಮೌಸು, ತಟ್ಟೆ ಮುಚ್ಚಿಟ್ಟ ಟೀ ಲೋಟ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೂಗು ತೆರೆಗೆ ತಾಗುವಷ್ಟು ಬಾಗಿ ಕೂತಿದ್ದಾರೆ. ತೆರೆಯ ಮೇಲೆ ಕತ್ತಲಲ್ಲಿ ಮಲಗಿದ ಬೆಟ್ಟಗಳು. ಮೂಡಣ ಅಂಚಿನಲ್ಲಿ ಮಾತ್ರ ಬೆಳಕಿನ ಸಣ್ಣ ಪಟ್ಟಿ.

"ಬಂತು, ಬಂತು" ಎನ್ನುತ್ತಾರೆ, ಬಸ್ಸು ಕಾಯುತ್ತಿದ್ದವರ ಹಾಗೆ. ಬಂದದ್ದು ಬಸ್ಸಲ್ಲ, ಆ ದಿನದ ಮೊದಲ ಬಿಸಿಲು. ಮೇಲೆಲ್ಲೋ ನಿಂತ ಉಪಗ್ರಹ ಹತ್ತು ನಿಮಿಷಕ್ಕೊಂದು ಚಿತ್ರ ಕಳಿಸುತ್ತದೆ. ಓರೆಬಿಸಿಲು ಬಿದ್ದದ್ದೇ ತಡ, ಅಷ್ಟು ಹೊತ್ತು ಏನೂ ಇಲ್ಲದ ಕಡೆ ತೆಳ್ಳಗೆ, ಬೂದುನೀಲಿಯದ್ದೊಂದು ಎಳೆ ಕಾಣಿಸಿಕೊಳ್ಳುತ್ತದೆ. ಅದು ಹೊಗೆ. ಮೌಸು ಹಿಡಿದ ಕೈ ಆಗಲೇ ಅದರ ಅಂಚಿನ ಮೇಲೆ ಗೆರೆ ಎಳೆಯಲು ಶುರುಮಾಡಿದೆ.

ಕಚೇರಿಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರು ಸಂಬಳದ ವಿಭಾಗದವರು ಮಾತ್ರ. ಮುಖ್ಯಸ್ಥರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಉಳಿದವರಿಗೆಲ್ಲ ಇವರು ಹೊಗೆಯಕ್ಕ. ಕಾಡು, ಹುಲ್ಲುಗಾವಲು, ಕಸದ ಗುಡ್ಡ, ಎಲ್ಲಿ ಬೆಂಕಿ ಬಿದ್ದರೂ ಅದರ ಹೊಗೆ ಯಾವ ದಿಕ್ಕಿಗೆ ಹೊರಟಿದೆ, ಎಷ್ಟು ದಟ್ಟವಾಗಿದೆ ಎಂದು ನೋಡಿ ನಕ್ಷೆಯ ಮೇಲೆ ಗುರುತಿಸುವುದು ಇವರ ಕೆಲಸ.

ಬೆಳ್ಳಂಬೆಳಗ್ಗೆಯೇ ಯಾಕೆ ಈ ಪಾಡು ಎಂದರೆ ನಗುತ್ತಾರೆ. "ಮನೇಲಿ ಕಸ ಗುಡಿಸುವಾಗ ಕಿಟಕಿಯಿಂದ ಓರೆ ಬಿಸಿಲು ಬಿದ್ರೆ ಧೂಳು ಕುಣಿಯೋದು ಕಾಣುತ್ತಲ್ವಾ? ಮಧ್ಯಾಹ್ನಾನೂ ಅದೇ ಕೋಣೆ, ಅದೇ ಧೂಳು. ಆದ್ರೆ ಕಾಣಲ್ಲ. ಹೊಗೆನೂ ಹಂಗೇ. ಬಿಸಿಲು ನೆತ್ತಿಗೆ ಬಂತು ಅಂದ್ರೆ ನನ್ನ ಕಣ್ಣಿಗೆ ಮಣ್ಣೆರಚಿ ಓಡಿಹೋಗುತ್ತೆ."

ಬೆಂಕಿ ಹುಡುಕುವುದು ಇವರ ತಲೆನೋವಲ್ಲ. ಬಿಸಿಯನ್ನು ಉಪಗ್ರಹವೇ ಪತ್ತೆ ಹಚ್ಚಿ ಕೆಂಪು ಚುಕ್ಕೆ ಇಡುತ್ತದೆ. ಆದರೆ ಹೊಗೆ ಹುಟ್ಟಿದ ಮನೆಯಲ್ಲಿ ಕೂರುವ ಪೈಕಿಯಲ್ಲ. ಇಲ್ಲಿ ಬೆಂಕಿ ಬಿದ್ದರೆ ನಾಲ್ಕು ಜಿಲ್ಲೆ ದಾಟಿ ಅಲ್ಲಿ ಯಾರೋ ಕೆಮ್ಮುತ್ತಾರೆ. ತೆಳು ಹೊಗೆಗೆ ಹಸಿರು, ಮಧ್ಯಮಕ್ಕೆ ಹಳದಿ, ದಟ್ಟ ಹೊಗೆಗೆ ಕೆಂಪು ಬಣ್ಣ ತುಂಬಿ, ಶಾಲೆಗಳು ಬಾಗಿಲು ತೆರೆಯುವ ಮೊದಲೇ ನಕ್ಷೆ ಹೊರಡಬೇಕು. ಅದನ್ನು ನೋಡಿ ಮೇಷ್ಟರು ಮಕ್ಕಳನ್ನು ಮೈದಾನಕ್ಕೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ, ಆಸ್ಪತ್ರೆಯವರು ಕಿಟಕಿ ಮುಚ್ಚುತ್ತಾರೆ, ರೇಡಿಯೋದವರು ಓದುತ್ತಾರೆ. ಗೆರೆ ಎಳೆದವರ ಹೆಸರು ನಕ್ಷೆಯ ಯಾವ ಮೂಲೆಯಲ್ಲೂ ಇರುವುದಿಲ್ಲ.

"ಬೆಳ್ಳಗಿರೋದೆಲ್ಲ ಹಾಲಲ್ಲ. ಈ ಕೆಲಸದ ಒಳಗುಟ್ಟು ಅಷ್ಟೇ" ಎನ್ನುತ್ತಾರೆ ಹೊಗೆಯಕ್ಕ. ತೆರೆಯ ಮೇಲೆ ಮೋಡವೂ ಬೆಳ್ಳಗೆ, ಮಂಜೂ ಬೆಳ್ಳಗೆ, ಒಣಗಿದ ಕೆರೆಯಿಂದ ಎದ್ದ ಧೂಳೂ ಬೆಳ್ಳಗೆ. ಮೋಡಕ್ಕೆ ಕತ್ತರಿಸಿಟ್ಟಂಥ ಅಂಚಿರುತ್ತದೆ. ಹೊಗೆಯ ಅಂಚು ಹಾಗಲ್ಲ, ಎಲ್ಲಿ ಮುಗಿಯಿತು ಎಂದು ಹೇಳುವುದೇ ಕಷ್ಟ. ಆ ಮುಗಿಯದ್ದನ್ನು ಮುಗಿಸಿ ತೋರಿಸುವುದಕ್ಕೆ ಇವರಿಗೆ ಸಂಬಳ.

ಹೊಗೆಗೆ ಬರುವ ಮೊದಲು ಇವರು ಭೂಮಾಪನ ಕಚೇರಿಯಲ್ಲಿ ನಕ್ಷೆ ತಿದ್ದುತ್ತಿದ್ದರು. ಕಾಗದದ ಮೇಲೆ ಬೆಟ್ಟದ ಎತ್ತರ ತೋರಿಸುವ ಸುತ್ತು ಗೆರೆಗಳನ್ನು ಶಾಯಿಯಲ್ಲಿ ಎಳೆಯುವ ಕೆಲಸ. ಕಾಗದದ ಕಾಲ ಮುಗಿದಾಗ ಜೊತೆಯವರೆಲ್ಲ ಚೆಲ್ಲಾಪಿಲ್ಲಿಯಾದರು. ಇವರನ್ನು ಮೂರು ತಿಂಗಳ ಮಟ್ಟಿಗೆ ಎಂದು ಈ ಕೋಣೆಗೆ ಕಳಿಸಿದರು. ಕಳಿಸಿದವರು ಮರೆತರು, ಇವರು ಉಳಿದರು. ಕಣಿವೆ ಎಲ್ಲಿ ಕಿರಿದಾಗುತ್ತದೆ, ಯಾವ ಇಳಿಜಾರು ಎತ್ತ ತಿರುಗುತ್ತದೆ ಎಂಬುದು ಬೆರಳಿಗೆ ಬಂದಿದ್ದರಿಂದ ಇಲ್ಲಿನ ಕೆಲಸ ಅಷ್ಟೇನೂ ಹೊಸದೆನಿಸಲಿಲ್ಲವಂತೆ.

ಮನೆಯಲ್ಲಿ ಗಂಡ, ಅತ್ತೆ. ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವರು, ಹೆಂಡತಿಗಿಂತ ಮೊದಲೇ ಏಳುವವರು. "ನಾನು ಹೊಗೆ ಎಬ್ಬಿಸ್ತೀನಿ, ಅವಳು ಗೆರೆ ಎಳೀತಾಳೆ. ಒಂದೇ ಮನೇಲಿ ಎರಡೂ ಪಕ್ಷ" ಎಂಬುದು ಅವರ ಹಳೆಯ ಜೋಕು. ಅತ್ತೆಯ ಮಾತು ಇನ್ನೂ ಖಾರ. "ಪಕ್ಕದ ಒಲೆ ಮೇಲೆ ಹಾಲು ಉಕ್ಕಿ ಹರಿದ್ರೂ ಕಾಣಲ್ಲ ಇವಳಿಗೆ. ನೂರು ಮೈಲಿ ಆಚೆಗಿನ ಹೊಗೆ ಕಾಣುತ್ತಂತೆ!" ಹಾಗೆನ್ನುವ ಅತ್ತೆಗೆ ಉಬ್ಬಸ. ಗಾಳಿ ಕೆಟ್ಟ ದಿನ ದಿಂಬುಗಳನ್ನು ಬೆನ್ನಿಗೆ ಒಟ್ಟಿಕೊಂಡು ಕೂತೇ ಇರುತ್ತಾರೆ, ಮಲಗಿದರೆ ಉಸಿರು ಸಿಗುವುದಿಲ್ಲ. ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲೂ ಇಲ್ಲದ ಕಣಗಳು ಎದೆಗಿಳಿದು ಏನು ಮಾಡುತ್ತವೆ ಎಂಬುದನ್ನು ಹೊಗೆಯಕ್ಕ ಕಲಿತದ್ದು ಕಚೇರಿಯಲ್ಲಲ್ಲ, ಆ ಮಂಚದ ಪಕ್ಕ.

ಇಷ್ಟೆಲ್ಲ ತಿಳಿದವರು ಎಡವಿದ್ದು ಹೋದ ವರ್ಷದ ಬೇಸಿಗೆಯಲ್ಲಿ.

ಮೂರು ಬೆಟ್ಟದ ಸಾಲಿನಾಚೆ ಕಾಡು ಹೊತ್ತಿಕೊಂಡಿತ್ತು. ಹೊಗೆ ಎದ್ದು, ಗಾಳಿ ಹಿಡಿದು, ಬಟ್ಟಲಿನಂಥ ಕಣಿವೆಯೊಂದರಲ್ಲಿರುವ ಸಣ್ಣ ಊರಿನ ಮೇಲೆ ಬಂದು ನಿಂತಿತು. ಬೆಳಗಿನ ಚಿತ್ರದಲ್ಲಿ ಊರೇ ಕಾಣದಷ್ಟು ಹೊಗೆ. ಹೊಗೆಯಕ್ಕ ಕೆಂಪು ತುಂಬಿದರು. ಮರುದಿನವೂ ಕೆಂಪು, ಅದರ ಮರುದಿನವೂ ಕೆಂಪು. ಊರಿನಲ್ಲಿ ಶಾಲೆ ಮುಚ್ಚಿತು, ಸಂತೆ ನಿಂತಿತು, ಜನ ಬಾಗಿಲು ಹಾಕಿಕೊಂಡು ಬೇಸಿಗೆಯ ಸೆಕೆಯಲ್ಲಿ ಬೆಂದರು. ಆದರೆ ಹೊಗೆ ಅವರ ತಲೆಯ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ತನ್ನ ಪಾಡಿಗೆ ತಾನು ದಾಟಿಹೋಗುತ್ತಿತ್ತು. ಕೆಳಗಿನ ಗಾಳಿ ತೊಳೆದಿಟ್ಟ ಹಾಗಿತ್ತು.

"ಉಪಗ್ರಹ ನೋಡೋದು ಮೇಲಿಂದ. ಛಾವಣಿ ಕಂಡ್ರೆ ಮನೆ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುತ್ತಾ? ಹೊಗೆ ಇದೆ ಅಂತ ಹೇಳಬಹುದು, ನೆಲದ ಮೇಲಿದೆಯೋ ಆಕಾಶದಲ್ಲಿದೆಯೋ ಅಂತ ಹೇಳೋಕಾಗಲ್ಲ. ಓರೆ ಬಿಸಿಲು ಬೇರೆ, ತೆಳು ಹೊಗೇನೂ ದಪ್ಪ ಮಾಡಿ ತೋರಿಸುತ್ತೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆಂಪು ಹಾಕಿದೆ" ಎಂದು ಹೇಳುವಾಗ ಅವರು ತೆರೆಯಿಂದ ಕಣ್ಣು ತೆಗೆಯುವುದಿಲ್ಲ. ಅವರಿಗೆ ನೆರವಾಗಬಹುದಿದ್ದ ಒಂದು ಸಾಧನವೆಂದರೆ ಗಾಳಿಯ ಕಣ ಅಳೆಯುವ ಪೆಟ್ಟಿಗೆ. ಅದು ಆ ಊರಿನಲ್ಲಿರಲಿಲ್ಲ.

ಮೂರನೇ ದಿನ ಕೋಣೆಯ ಫೋನು ಹೊಡೆದುಕೊಂಡಿತು. ಆ ಕಡೆ ಊರಿನ ಲಾಂಡ್ರಿಯವರು.

"ಯಾರ್ರೀ ಅಲ್ಲಿ ಹೊಗೆ ಬರೆಯೋರು?"

"ನಾನೇ."

"ನಾನು ಛಾವಣಿ ಮೇಲೆ ನಿಂತು ಮಾತಾಡ್ತಿದೀನಿ. ಎದುರು ಬೆಟ್ಟದ ಮರ ಒಂದೊಂದೂ ಎಣಿಸಬಹುದು. ಎಲ್ಲಮ್ಮಾ ನಿಮ್ಮ ಹೊಗೆ? ಇಲ್ಲಿರೋದು ಒಂದೇ ಹೊಗೆ, ನನ್ನ ವ್ಯಾಪಾರಕ್ಕೆ ನೀವು ಹಾಕಿದ್ದು!"

ತಪ್ಪು ಹರಡುವುದಕ್ಕೆ ಹೊಗೆಯಷ್ಟು ಹೊತ್ತೂ ಬೇಕಾಗಲಿಲ್ಲ. ಊರಿನವರು ಸುಳ್ಳು ಹೇಳುವವರಿಗೆ "ನಕ್ಷೆ ಬಿಡಬೇಡ" ಎನ್ನತೊಡಗಿದರು. ಮುಂದಿನ ವಾರ ಹಳದಿ ಬಂದರೆ ನಕ್ಕರು, ಹಸಿರು ಬಂದರೆ ತಿರುಗಿಯೂ ನೋಡಲಿಲ್ಲ. ಕಚೇರಿಯಲ್ಲಿ ಯಾರೂ ಬೈಯಲಿಲ್ಲ. ಎಲ್ಲರಿಗೂ ಇಂಥದ್ದೊಂದು ಆಗಿಯೇ ಇರುತ್ತದೆ ಎಂದು ಮುಖ್ಯಸ್ಥರು ಸಮಾಧಾನ ಹೇಳಿದರು. ಆದರೂ ಹೊಗೆಯಕ್ಕ ಆ ಮೂರು ದಿನದ ನಕ್ಷೆಗಳನ್ನು ಮತ್ತೆ ಮತ್ತೆ ತೆರೆದು ನೋಡಿದರು.

"ಮಾನ ಹೋದ್ರೆ ನನ್ನದೊಬ್ಬಳದು ಹೋಯ್ತು, ಬಿಡಿ. ಆದ್ರೆ ಮುಂದಿನ ಸಲ ನಿಜವಾದ ಹೊಗೆ ನೆಲಕ್ಕಿಳಿದು, ನಾನು ಕೆಂಪು ಹಾಕಿ, ಅವರು ನಕ್ಕು ಕಿಟಕಿ ತೆಗೆದಿಟ್ರೆ? ನಮ್ಮತ್ತೆಯಂಥೋರು ಆ ಊರಲ್ಲೂ ಇರ್ತಾರಲ್ಲ" ಎನ್ನುತ್ತಾರೆ.

ಕಷ್ಟ ಹೇಳಿಕೊಂಡಾಗ ಅತ್ತೆ ದಿಂಬಿಗೊರಗಿದಲ್ಲಿಂದಲೇ ತೀರ್ಪು ಕೊಟ್ಟರಂತೆ: "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಂಡಿದ್ದೂ ಅಷ್ಟು ದೂರದಿಂದ. ಹೋಗಿ ನೋಡ್ಕೊಂಡು ಬಾ."

ರಜೆಯ ದಿನ ಹೊಗೆಯಕ್ಕ ಬಸ್ಸು ಹತ್ತಿದರು. ಇಷ್ಟು ವರ್ಷ ಮೇಲಿನಿಂದಲೇ ನೋಡಿದ ಊರಿನೊಳಗೆ ಮೊದಲ ಸಲ ಕಾಲಿಟ್ಟರು. ಮೇಲಿನಿಂದ ಬೆರಳಗಲ ಕಾಣುತ್ತಿದ್ದ ಬೀದಿ ಏರಿಳಿದು ಕಾಲು ಸೋಲಿಸಿತು. ಲಾಂಡ್ರಿ ಬೀದಿಯ ತುದಿಯಲ್ಲಿತ್ತು. ಕೆಳಗೆ ನೀರು ಕಾಯಿಸುವ ದೊಡ್ಡ ಹಂಡೆ, ಇಸ್ತ್ರಿ ಮೇಜು; ಮೇಲೆ ಛಾವಣಿಯ ತುಂಬ ಹಗ್ಗ, ಹಗ್ಗದ ತುಂಬ ಆಸ್ಪತ್ರೆಯ, ವಸತಿಗೃಹಗಳ ಬಿಳಿ ಶೀಟುಗಳು. ಹವಾಮಾನ ಕಚೇರಿಯಿಂದ ಬಂದೆ ಎಂದದ್ದೇ ತಡ, ಲಾಂಡ್ರಿಯವರು ಗುರುತು ಹಿಡಿದರು.

"ಓಹೋ, ಹೊಗೆಯಮ್ಮ! ಕ್ಷಮೆ ಕೇಳೋಕೆ ಬಂದ್ರಾ?"

"ಅದಕ್ಕೂ ಬಂದೆ ಅಣ್ಣ. ನನ್ನ ಗೆರೆ ಎಲ್ಲಿ ತಪ್ತು ಅಂತ ನೋಡೋಕೂ ಬಂದೆ."

ಬೈಯಲು ಸಿದ್ಧವಾಗಿದ್ದ ಮನುಷ್ಯನಿಗೆ ಇದು ಪೇಚಿಗಿಟ್ಟುಕೊಂಡಿತು. ಬೈಗುಳ ಅರ್ಧಕ್ಕೇ ನಿಂತು ವಿವರಣೆಯಾಯಿತು. "ಅಲ್ಲಮ್ಮಾ, ಆಕಾಶದಲ್ಲಿ ಕಣ್ಣಿಟ್ಕೊಂಡು ಏನು ಮಾಡ್ತೀರಿ? ಈ ಒದ್ದೆ ಶೀಟು ನೋಡಿ. ಒದ್ದೆ ಬಟ್ಟೆ ಹೊಗೆ ಹಿಡಿದಷ್ಟು ಬೇಗ ಇನ್ನೇನೂ ಹಿಡಿಯಲ್ಲ. ಆಚೆ ಬೀದೀಲಿ ಯಾರಾದ್ರೂ ಕಸ ಸುಟ್ರೆ ನನಗೆ ಇಲ್ಲಿ ಗೊತ್ತಾಗುತ್ತೆ. ಮಂಜು ಬಿದ್ರೆ ವಾಸನೆ ಇರಲ್ಲ. ಹೊಗೆ ಬಿದ್ರೆ ಮತ್ತೆ ಒಗೀಬೇಕು, ಇನ್ನೊಂದು ಹಂಡೆ ನೀರು!"

ಹೊಗೆಯಕ್ಕ ಶೀಟಿನ ಅಂಚು ಹಿಡಿದು ಮೂಗಿಗೆ ತಂದುಕೊಂಡರು. ಸೋಪಿನ ವಾಸನೆ, ಬಿಸಿಲಿನ ವಾಸನೆ. ತಾವು ಹುಡುಕಿಕೊಂಡು ಬಂದದ್ದು ಹಗ್ಗದ ಮೇಲೆಯೇ ನೇತಾಡುತ್ತಿದೆ ಎಂದು ಆಗ ಹೊಳೆಯಿತು.

"ಅಣ್ಣ, ದಿನಾ ಬೆಳಗ್ಗೆ ಶೀಟು ಹರವಿದ ಮೇಲೆ ನನಗೊಂದು ಫೋನ್ ಮಾಡ್ತೀರಾ? ವಾಸನೆ ಇದೆಯೋ ಇಲ್ವೋ, ಅಷ್ಟೇ ಹೇಳಿ."

"ಸರಿಹೋಯ್ತು! ಇನ್ನು ನಿಮ್ಮ ಕೆಲಸಾನೂ ನಾನೇ ಮಾಡ್ಬೇಕಾ?" ಎಂದು ಗೊಣಗಿದರಾದರೂ ಮರುದಿನ ಬೆಳಗ್ಗೆ ಫೋನು ಬಂತು. "ಸೋಪಿನ ವಾಸನೆ ಮಾತ್ರ" ಎಂದು ಇಟ್ಟುಬಿಟ್ಟರು.

ಅಲ್ಲಿಗೆ ಅರ್ಧ ಕೆಲಸವಾಯಿತು. ಉಳಿದರ್ಧ ಮುಖ್ಯಸ್ಥರ ಕೋಣೆಯಲ್ಲಿತ್ತು. ಗಟ್ಟಿಯಾಗಿ ಗೊತ್ತಿಲ್ಲದ ಹೊಗೆಗೆ ಬಣ್ಣ ತುಂಬುವುದು ಬೇಡ, ಸುತ್ತ ಬರೀ ಚುಕ್ಕೆಗಳ ಗೆರೆ ಎಳೆಯೋಣ, "ಇಲ್ಲಿ ಏನೋ ಇದೆ, ಕೆಳಗಿಳಿದಿದೆಯೋ ಇಲ್ಲವೋ ಇನ್ನೂ ತಿಳಿಯದು, ವಿಚಾರಿಸುತ್ತಿದ್ದೇವೆ" ಎಂದು ಕೆಳಗೆ ಬರೆಯೋಣ ಎಂಬುದು ಹೊಗೆಯಕ್ಕನ ಕೋರಿಕೆ. ಮುಖ್ಯಸ್ಥರು ಒಳ್ಳೆಯ ಮನುಷ್ಯ, ಆದರೆ ತಲೆ ಕೆರೆದುಕೊಂಡರು. ಅವರ ಮಾತಲ್ಲೂ ಹುರುಳಿತ್ತು. "ಅಕ್ಕಾ, ಜನ ನಮ್ಮ ನಕ್ಷೆ ನೋಡೋದೇ ಅನುಮಾನ ಪರಿಹಾರ ಆಗ್ಲಿ ಅಂತ. ನಾವೇ ಅನುಮಾನ ಹಂಚಿದ್ರೆ ಮೊದಲೇ ನಗೋ ಊರು ಹೊಟ್ಟೆ ಹಿಡ್ಕೊಂಡು ನಗುತ್ತೆ." ಕೊನೆಗೆ ಆ ಒಂದು ಊರಿಗೆ, ಒಂದು ಬೇಸಿಗೆಯ ಮಟ್ಟಿಗೆ ಒಪ್ಪಿದರು. ಕೆಟ್ಟರೆ ಕೈಬಿಡುವುದು ಎಂದು ಮಾತಾಯಿತು.

ಆ ಬೇಸಿಗೆಯೇ ಈ ಬೇಸಿಗೆ. ಊರಿನವರು ಚುಕ್ಕೆ ಗೆರೆ ಕಂಡು ಮೊದಮೊದಲು ನಕ್ಕದ್ದು ನಿಜ. ಚುಕ್ಕೆ ಗೆರೆ ಬಂದ ಮೊದಲ ಎರಡು ಸಲವೂ ಸ್ವಲ್ಪ ಹೊತ್ತಿಗೆ ಅದು ಅಳಿಸಿಹೋಯಿತು, ಏನೂ ಆಗಲಿಲ್ಲ. ಯಾರ ಅಂಗಡಿಯೂ ಮುಚ್ಚಲಿಲ್ಲ.

ಮೂರನೆಯದು ಬಂದದ್ದು ಕಳೆದ ತಿಂಗಳು. ಕಣಿವೆಯ ಮೇಲ್ಗಡೆಯ ಹುಲ್ಲುಗಾವಲಿಗೆ ಹಿಂದಿನ ಸಂಜೆ ಬೆಂಕಿ ಬಿದ್ದಿತ್ತು. ಬೆಳಗಿನ ಮೊದಲ ಚಿತ್ರದಲ್ಲಿ ಕಣಿವೆಯ ತುಂಬ ಬೆಳ್ಳಗಿನದೇನೋ ತುಂಬಿಕೊಂಡಿತ್ತು. ಹೊಗೆಯಕ್ಕ ಲೋಟದ ಟೀ ಮರೆತರು. ಬೆಟ್ಟದ ನೆತ್ತಿಗಳು ಆ ಬಿಳುಪಿನಿಂದ ಮೇಲೆದ್ದು ಕಾಣುತ್ತಿದ್ದವು. ಹಾಗಾದರೆ ಇದು ಆಕಾಶದಲ್ಲಿ ಹಾದುಹೋಗುವಂಥದ್ದಲ್ಲ, ತಳದಲ್ಲಿ ಕೂತದ್ದು. ಆದರೆ ಮಂಜೂ ಕೂರುವುದು ಹೀಗೆಯೇ. ಮಂಜಾದರೆ ಬಿಸಿಲೇರಿದಂತೆ ಅಂಚಿನಿಂದ ಕರಗುತ್ತದೆ, ಹೊಗೆಯಾದರೆ ಕರಗದೆ ಕೂರುತ್ತದೆ. ಅದನ್ನು ನೋಡಬೇಕೆಂದರೆ ಕಾಯಬೇಕು. ಕಾಯುವಷ್ಟರಲ್ಲಿ ಶಾಲೆಯ ಬಸ್ಸು ಮಕ್ಕಳನ್ನು ತುಂಬಿಕೊಂಡು ಹೊರಟಿರುತ್ತದೆ.

ಚುಕ್ಕೆ ಗೆರೆ ಎಳೆದು ನಕ್ಷೆ ಕಳಿಸಿದರು. ಲಾಂಡ್ರಿಯಿಂದ ಫೋನಿಲ್ಲ. ತಾವೇ ಮಾಡಿದರು, ಎತ್ತುವವರಿಲ್ಲ. ಮತ್ತೆ ಮಾಡಿದರು. "ಆವತ್ತು ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಕೆಂಪು ಹಾಕಿಬಿಡೋಣ ಅನ್ನಿಸ್ತು. ಮತ್ತೆ ತಪ್ಪಾದ್ರೆ ಆ ಊರು ಶಾಶ್ವತವಾಗಿ ಕೈತಪ್ಪಿಹೋಗುತ್ತೆ ಅಂತ ಕೈ ಹಿಂದೆ ಬಂತು. ಹಾಕದೆ ಇದ್ದು ಮಕ್ಕಳು ಆ ಹೊಗೆಯೊಳಗೆ ನಡ್ಕೊಂಡು ಹೋದ್ರೆ ಅಂತ ಮತ್ತೆ ಮುಂದೆ ಹೋಯ್ತು" ಎಂದು ನೆನೆಸಿಕೊಳ್ಳುತ್ತಾರೆ.

ಮುಂದಿನ ಚಿತ್ರ ಬರುವ ಮೊದಲೇ ಫೋನು ಬಂತು. ಆ ಕಡೆ ಏದುಸಿರು.

"ಶೀಟು ಕೆಳಗಿಳಿಸ್ತಿದ್ದೆ ತಾಯಿ, ಅದಕ್ಕೇ ಎತ್ತಲಿಲ್ಲ. ಪೂರಾ ಹೊಗೆ. ಮೂಗು ಹತ್ತಿರ ತರೋದೇ ಬೇಡ, ಎದುರು ಮನೇನೇ ಮಬ್ಬು. ಹಾಕಿ, ಕೆಂಪು ಹಾಕಿ!"

ಹೊಗೆಯಕ್ಕ ಕೆಂಪು ತುಂಬಿದರು. ತುಂಬಿದ ಮೇಲೆ ಕೈ ಕಟ್ಟಿ ಕೂತರು. ಗೆರೆ ಎಳೆಯುವುದಷ್ಟೇ ಅವರ ಕೈಲಿತ್ತು, ನಂಬುವುದು ಬಿಡುವುದು ಆ ಊರಿಗೆ ಬಿಟ್ಟಿದ್ದು. ಊರು ಬಾಗಿಲು ಮುಚ್ಚಿತೋ ಇಲ್ಲವೋ ಎಂಬುದನ್ನು ತೋರಿಸುವ ಉಪಗ್ರಹ ಇನ್ನೂ ಹುಟ್ಟಿಲ್ಲ.

ಸುದ್ದಿ ತಿಳಿದದ್ದು ಮಧ್ಯಾಹ್ನ. ಚುಕ್ಕೆ ಗೆರೆ ಕಂಡಾಗಲೇ ಶಾಲೆಯ ಹೆಡ್‌ಮಾಸ್ಟರಮ್ಮ ಬಸ್ಸನ್ನು ನಿಲ್ಲಿಸಿಟ್ಟಿದ್ದರು. ಕೆಂಪು ಬಂದಾಗ ಮಕ್ಕಳು ಇನ್ನೂ ಮನೆಯಲ್ಲೇ ಇದ್ದರು. ಲಾಂಡ್ರಿಯವರು ಬೀದಿಯುದ್ದಕ್ಕೂ ಕೂಗಿಕೊಂಡು ಹೋದರಂತೆ. ಹೋದ ವರ್ಷ ಹೊಗೆ ಎಲ್ಲಿ ಎಂದು ಜಗಳವಾಡಿದ ಮನುಷ್ಯನೇ ಈಗ ಹೊಗೆ ಬಂತು ಎಂದು ಕೂಗಿದ್ದರಿಂದ ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಮರುದಿನ ಕಚೇರಿಯವರು ಗಾಡಿಯಲ್ಲಿ ತಂದ ಕಣ ಅಳೆಯುವ ಪೆಟ್ಟಿಗೆಯೂ ಹೊಗೆ ನೆಲಮಟ್ಟದಲ್ಲೇ ಕೂತಿದೆ ಎಂದು ಸಾಕ್ಷಿ ಹೇಳಿತು. ಊರಿನ ಆಸ್ಪತ್ರೆಯ ಹಿರಿಯ ನರ್ಸ್ ಹೇಳುವುದು ಇಷ್ಟು: "ಯಾವಾಗ್ಲೂ ಹೊಗೆ ಬಂದ ಮೇಲೆ ಉಸಿರು ಕಟ್ಟಿದೋರನ್ನ ಹೊತ್ಕೊಂಡು ಬರ್ತಿದ್ರು. ಈ ಸಲ ಉಬ್ಬಸದೋರ ಮನೆಯವರು ಮೊದಲೇ ಫೋನ್ ಮಾಡಿ ಔಷಧಿ ತರಿಸ್ಕೊಂಡ್ರು. ಹಾಸಿಗೆ ಖಾಲಿ ಇತ್ತು. ಖಾಲಿ ಹಾಸಿಗೆ ನೋಡಿ ಅಷ್ಟು ಸಂತೋಷ ಯಾವತ್ತೂ ಆಗಿರ್ಲಿಲ್ಲ."

ಈಗ ಆ ಊರಿಗೆ ಕಣ ಅಳೆಯುವ ಪೆಟ್ಟಿಗೆ ಮಂಜೂರಾಗಿದೆ. ಎಲ್ಲಿಡುವುದು ಎಂಬ ಮಾತು ಬಂದಾಗ ಲಾಂಡ್ರಿಯವರು ತಮ್ಮ ಛಾವಣಿ ಬಿಟ್ಟು ಬೇರೆಡೆ ಇಡಕೂಡದೆಂದು ಪಟ್ಟು ಹಿಡಿದಿದ್ದಾರೆ. ಪೆಟ್ಟಿಗೆ ಬಂದರೂ ತಮ್ಮ ಮೂಗಿಗೆ ರಜೆ ಇಲ್ಲವೆಂದು ಈಗಾಗಲೇ ಘೋಷಿಸಿಯೂ ಆಗಿದೆ. ಬೇರೆ ಊರುಗಳಲ್ಲೂ ಬೆಳಗ್ಗೆ ಬೇಗ ಏಳುವವರನ್ನು ಹೊಗೆಯಕ್ಕ ಹುಡುಕಿಕೊಂಡಿದ್ದಾರೆ. ಒಂದೂರಲ್ಲಿ ಹಾಲಿನವರು, ಇನ್ನೊಂದೂರಲ್ಲಿ ಬಸ್ ನಿಲ್ದಾಣ ಗುಡಿಸುವವರು. ಮುಖ್ಯಸ್ಥರು ಚುಕ್ಕೆ ಗೆರೆಯನ್ನು ಮುಂದಿನ ವರ್ಷದಿಂದ ಇಡೀ ನಕ್ಷೆಗೆ ಹಾಕಲು ಒಪ್ಪಿದ್ದಾರೆ. "ಅನುಮಾನ ಹಂಚ್ತಿದೀವಿ ಅಂದ್ಕೊಂಡಿದ್ದೆ. ಜನಕ್ಕೆ ಬೇಕಾಗಿದ್ದೂ ಅದೇ ಅಂತ ತೋರುತ್ತೆ" ಎಂದು ಅವರೇ ನಗುತ್ತಾರೆ.

ನಿನ್ನೆ ಬೆಳಗ್ಗೆ ಆ ಊರಿನ ಸುತ್ತ ಮತ್ತೆ ಚುಕ್ಕೆ ಗೆರೆ. ಹೆಡ್‌ಮಾಸ್ಟರಮ್ಮ ನೇರವಾಗಿ ಕೋಣೆಗೇ ಫೋನ್ ಮಾಡಿದರು. ಮಕ್ಕಳಿಗೆ ಬಯಲಲ್ಲಿ ಓಟದ ಪಂದ್ಯ ಇಟ್ಟುಕೊಂಡಿದ್ದಾರೆ, ಪಕ್ಕದ ಊರಿನ ಮಕ್ಕಳೂ ಬಂದು ಇಳಿದಿದ್ದಾರೆ, ಏನು ಮಾಡಲಿ ಎಂದು ಕೇಳಿದರು.

"ನನಗೂ ಇನ್ನೂ ಗೊತ್ತಿಲ್ಲ ಮೇಡಂ. ಒಂದು ಗಂಟೆ ತಾಳಿ" ಎಂದರು ಹೊಗೆಯಕ್ಕ.

ಅದು ಮಂಜಾಗಿತ್ತು. ಬಿಸಿಲೇರಿದಂತೆ ಅಂಚಿನಿಂದ ಕರಗಿತು, ಓಟ ತಡವಾಗಿ ಶುರುವಾಯಿತು. ಇವತ್ತು ಪಾಳಿ ಮುಗಿಸಿ ಚೀಲ ಹೆಗಲಿಗೇರಿಸಿಕೊಳ್ಳುತ್ತ, ಇಷ್ಟು ವರ್ಷದಲ್ಲಿ ಮನಸ್ಸಿಗೆ ತೃಪ್ತಿ ಕೊಟ್ಟ ಗೆರೆ ಯಾವುದು ಎಂಬ ಪ್ರಶ್ನೆಗೆ ಅವರು ಬಾಗಿಲಲ್ಲೇ ತಿರುಗಿ ನಿಲ್ಲುತ್ತಾರೆ. ಕೆಂಪು ಬಣ್ಣದ ಆ ಬೆಳಗಿನ ಮಾತು ಬರುತ್ತದೆ ಎಂದುಕೊಂಡರೆ, ಬರುವುದಿಲ್ಲ.

"ಗೊತ್ತು ಅಂದಾಗ ಯಾರು ಬೇಕಾದ್ರೂ ನಂಬ್ತಾರೆ. ನಿನ್ನೆ ಆ ಚುಕ್ಕೆ ಗೆರೆ ಎಳೆದು ನಾನು ಗೊತ್ತಿಲ್ಲ ಅಂದೆ. ಅಷ್ಟೂ ಮಕ್ಕಳನ್ನ ಒಳಗೆ ಕೂರಿಸ್ಕೊಂಡು ಒಂದು ಗಂಟೆ ಕಾದ್ರಲ್ಲ ಆ ಊರಿನೋರು."